ಸಿರಿ ಹೊರಟುಬಂದ ಮನೆ: ಅಳಿಯಸಂತಾನ, ಹೆಣ್ಣು ಮತ್ತು ಮಾನವಶಾಸ್ತ್ರ



ಸಂಸ್ಕೃತಿಯನ್ನೂ ಹೆಣ್ಣು-ಗಂಡಿನ ಸ್ಥಾನಮಾನವನ್ನೂ ತಿಳಿಯಲು ಮಾನವಶಾಸ್ತ್ರ ಹೇಗೆ ನೆರವಾಗುತ್ತದೆ ಎಂಬುದು ನನಗೆ ಒಪ್ಪಿಸಿದ ವಿಷಯ. ಈ ವಿಷಯ ಎತ್ತಿಕೊಂಡವರು ಸಾಮಾನ್ಯವಾಗಿ ಮಾರ್ಗರೆಟ್ ಮೀಡ್ ಅವರ ಸಮೋವಾದಿಂದ ಹೊರಟು ನ್ಯೂಗಿನಿ ಸುತ್ತಿ, ಸಮಯ ಮೀರಿತೆಂದು ಅಧ್ಯಕ್ಷರು ಚೀಟಿ ಕಳಿಸುವ ಹೊತ್ತಿಗೆ ಭಾರತಕ್ಕೆ ಬರುತ್ತಾರೆ. ನಾನು ಉಡುಪಿಯಿಂದ ನಲವತ್ತು ಕಿಲೋಮೀಟರಿನ ಆಚೆ ಹೆಚ್ಚು ಹೋಗುವವನಲ್ಲ. ಕಾರ್ಕಳ, ನಂದಳಿಕೆ, ಪಾಂಗಾಳ, ಹಿರಿಯಡ್ಕ, ಕೋಟ – ಇಷ್ಟರೊಳಗೆ ಒಂದು ಗಂಟೆಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ.

ನಮ್ಮ ಜಿಲ್ಲೆಯ ವೇದಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ತುಳುನಾಡಿನಲ್ಲಿ ಹೆಣ್ಣೇ ಮೇಲು, ಇಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಬರುತ್ತಿತ್ತು, ಉಳಿದ ಕಡೆಯಂತೆ ಇಲ್ಲಿ ಹೆಣ್ಣಿಗೆ ದುಃಖವಿರಲಿಲ್ಲ ಎಂದು. ಮಾತಿಗೆ ಮೂರು ಸಾಕ್ಷಿ ಹಾಕುತ್ತಾರೆ: ಅಳಿಯಸಂತಾನ ಪದ್ಧತಿ, ಉಳ್ಳಾಲದ ರಾಣಿಯರು, ಮತ್ತು ಜನಗಣತಿ. ಕೊನೆಯದನ್ನು ಮೊದಲು ವಿಲೇವಾರಿ ಮಾಡೋಣ. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು. ಇಡೀ ಕರ್ನಾಟಕದ ಲೆಕ್ಕ 973. ಆದರೆ ಆರು ವರ್ಷದೊಳಗಿನ ಮಕ್ಕಳನ್ನಷ್ಟೇ ಎಣಿಸಿದರೆ ನಮ್ಮಲ್ಲೂ ಹೆಣ್ಣುಮಕ್ಕಳು ಸಾವಿರಕ್ಕಿಂತ ಕಡಿಮೆಯೇ. ನಡುವಿನ ವ್ಯತ್ಯಾಸ ಎಲ್ಲಿಂದ ಬಂತೆಂಬುದಕ್ಕೆ ಬಹುಪಾಲು ಉತ್ತರ ಮುಂಬಯಿಯ ಹೋಟೆಲುಗಳಲ್ಲಿ, ದುಬೈ-ಮಸ್ಕತ್ತಿನ ಕಂಪೆನಿಗಳಲ್ಲಿ ಸಿಗುತ್ತದೆ. ಗಂಡಸರು ಊರಲ್ಲಿಲ್ಲ, ಅಷ್ಟೆ. ಹೆಣ್ಣಿನ ಗೌರವವನ್ನು ಆ ಅಂಕಿಯಿಂದ ಅಳೆಯಲು ಬರುವುದಿಲ್ಲ.

ಉಳ್ಳಾಲದ ರಾಣಿಯ ಸಾಕ್ಷಿ ಇದಕ್ಕಿಂತ ಗಟ್ಟಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಕರಾವಳಿಗೆ ಬಂದು ಉಳ್ಳಾಲವನ್ನಾಳುತ್ತಿದ್ದ ಚೌಟ ವಂಶದ ರಾಣಿಯನ್ನು ಕಂಡ. ಅರಮನೆಯಲ್ಲಿ ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಆಕೆ ಬರಿಗಾಲಲ್ಲಿ ನಡೆಯುತ್ತ, ತೋಡು ತೋಡಿಸುವ ಕೆಲಸ ನೋಡಲು ಹೊರಟಿದ್ದಳು. ಉಡುಗೆ ನೋಡಿದರೆ ಅಡುಗೆಯವಳೋ ಬಟ್ಟೆ ಒಗೆಯುವವಳೋ ಎನ್ನಬೇಕು, ಮಾತು ಕೇಳಿದರೆ ಮಾತ್ರ ರಾಣಿ ಎಂಬ ಅರ್ಥದಲ್ಲಿ ಆತ ಬರೆದಿಟ್ಟ. ಯುರೋಪಿನವನ ಕಣ್ಣಿಗೆ ರಾಣಿ ಎಂದರೆ ರೇಷ್ಮೆ. ನಮ್ಮವಳಿಗೆ ಗದ್ದೆಗೆ ನೀರು ಬರುವುದು ಮುಖ್ಯ. ಸರಿ, ಆಕೆ ಆಳಿದಳು. ಆದರೆ ಆಕೆ ಆಳಿದ್ದರಿಂದ ಆಕೆಯ ತೋಡು ತೋಡುತ್ತಿದ್ದ ಹೆಂಗಸಿನ ಮನೆಯಲ್ಲಿ ಏನಿತ್ತು ಎಂಬುದು ತಿಳಿಯುವುದಿಲ್ಲ.

ಹೀಗೆ ಉಳಿಯುವುದು ಅಳಿಯಸಂತಾನ, ಅಂದರೆ ಕುಲವನ್ನು ತಾಯಿಯಿಂದ ಎಣಿಸಿ ಆಸ್ತಿ ಮಾವನಿಂದ ತಂಗಿಯ ಮಕ್ಕಳಿಗೆ ಬರುವ ಪದ್ಧತಿ. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನ ಮನೆತನಗಳು ಮತ್ತು ಇನ್ನೂ ಹಲವು ಜನ ತಲೆಮಾರುಗಳ ಕಾಲ ನಡೆಸಿಕೊಂಡು ಬಂದದ್ದು. ಕಾರ್ಕಳದ ಭೈರರಸರದೂ ಇದೇ ಕ್ರಮ. 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರವರಸ ಹಿಂದಿನ ಅರಸನ ಮಗನಲ್ಲ, ಅವನ ಸೋದರಿ ಗುಮ್ಮಟಾಂಬೆಯ ಮಗ. ಇಷ್ಟು ಕೇಳಿದರೆ ಸಾಕು, ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪಂಡಿತರ ಮುಖ ಅರಳುತ್ತಿತ್ತು. 1861ರಲ್ಲಿ ಬಾಖೋಫೆನ್ ಎಂಬ ಸ್ವಿಸ್ ನ್ಯಾಯಶಾಸ್ತ್ರಜ್ಞ ಮನುಷ್ಯಕುಲ ಮೊದಲು ತಾಯಿಯ ಆಳ್ವಿಕೆಯಲ್ಲಿತ್ತು, ಆಮೇಲೆ ತಂದೆಯ ಆಳ್ವಿಕೆ ಬಂತು ಎಂದು ವಾದಿಸಿದ. ಮಾರ್ಗನ್ ಅದಕ್ಕೆ ಮೆಟ್ಟಿಲು ಕಟ್ಟಿದ, ಎಂಗೆಲ್ಸ್ ಅದನ್ನು ಕ್ರಾಂತಿಯ ಇತಿಹಾಸಕ್ಕೆ ಸೇರಿಸಿದ. ಆ ಮೆಟ್ಟಿಲಿನಲ್ಲಿ ನಾವು ಎಲ್ಲೋ ಕೆಳಗಡೆ ನಿಂತ ಹಳೆಯ ಜನ. ತಮಾಷೆಯೆಂದರೆ, ಮಾನವಶಾಸ್ತ್ರ ಆ ಮೆಟ್ಟಿಲನ್ನು ಕಿತ್ತುಹಾಕಿ ಶತಮಾನವಾಗುತ್ತ ಬಂದರೂ ನಮ್ಮ ಭಾಷಣಗಳು ಇನ್ನೂ ಅದರ ಮೇಲೇ ನಿಂತಿವೆ. ಬದಲಾದದ್ದು ಒಂದೇ: ಅವರು ನಾಚಿಕೆಯ ವಿಷಯ ಮಾಡಿದ್ದನ್ನು ನಾವು ಹೆಮ್ಮೆಯ ವಿಷಯ ಮಾಡಿಕೊಂಡಿದ್ದೇವೆ.

ಇಪ್ಪತ್ತನೆಯ ಶತಮಾನದ ಮಾನವಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಡೇವಿಡ್ ಷ್ನೈಡರ್ ಮತ್ತು ಕೇರಳದಲ್ಲಿ ದುಡಿದ ಕ್ಯಾಥ್ಲೀನ್ ಗಫ್ 1961ರಲ್ಲಿ ಸಂಪಾದಿಸಿದ ದೊಡ್ಡ ಗ್ರಂಥದ ಹೊತ್ತಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ಕುಲ ತಾಯಿಯಿಂದ ಎಣಿಸುವ ಕಡೆಯೂ ಅಧಿಕಾರ ಸಾಮಾನ್ಯವಾಗಿ ಗಂಡಸಿನ ಕೈಯಲ್ಲೇ ಇರುತ್ತದೆ, ಆ ಗಂಡಸು ಗಂಡನಲ್ಲ, ಅಣ್ಣ ಅಥವಾ ಸೋದರಮಾವ ಎಂಬುದೇ ವ್ಯತ್ಯಾಸ. ನಮ್ಮ ಗುತ್ತಿನ ಮನೆಗಳನ್ನು, ಅಂದರೆ ಊರಿನ ಜಮೀನ್ದಾರ ಹಿರಿಮನೆಗಳನ್ನು, ಬಲ್ಲವರಿಗೆ ಇದನ್ನು ಹೊರಗಿನವರು ಹೇಳಬೇಕಾಗಿರಲಿಲ್ಲ. ಚಾವಡಿಯಲ್ಲಿ ಕುಳಿತು ಗೇಣಿ ಅಳೆಸಿಕೊಳ್ಳುತ್ತಿದ್ದವರು ಮಾವ. ದೈವದ ಎದುರು ಗಡಿ ಹಿಡಿದು ನಿಲ್ಲುವವರು ಮಾವ. ಅಳಿಯ ಪೇಟೆಯ ಶಾಲೆಗೆ ಹೋಗಬೇಕೇ, ಸೊಸೆಯನ್ನು ಯಾರಿಗೆ ಕೊಡಬೇಕು, ಎಲ್ಲವೂ ಮಾವನ ಬಾಯಿಂದ ಬರಬೇಕು. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಹೆಣ್ಣಾದರೆ ಆಕೆಯೇ ಯಜಮಾಂತಿಯಾಗುವ ದಾರಿ ಇಲ್ಲಿತ್ತು, ಕೋರ್ಟುಗಳೂ ಅದನ್ನು ಒಪ್ಪಿದ್ದವು. ಅದು ಸಣ್ಣ ಮಾತಲ್ಲ. ಆದರೂ ಯಜಮಾಂತಿ ಇದ್ದಲ್ಲಿ ಹೊರಗಿನ ವ್ಯವಹಾರ ಅವಳ ತಮ್ಮನೋ ಮಗನೋ ನಡೆಸುವುದೇ ವಾಡಿಕೆ.

ಹಾಗಾದರೆ ಈ ಪದ್ಧತಿಯಿಂದ ಹೆಣ್ಣಿಗೆ ಸಿಕ್ಕಿದ್ದೇನು? ಉತ್ತರ ಬೇಕಾದರೆ ಅದೇ ಊರಿನ ಬ್ರಾಹ್ಮಣರ ಮನೆಗೆ ಹೋಗಿ ಬರಬೇಕು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕೋಟದ ಕಡೆಯ ಕಡಲ ತೀರದ ಬ್ರಾಹ್ಮಣ ಸಂಸಾರದ ಕಥೆ. ಪಾರೋತಿ, ಸರಸೋತಿಯರು ಆ ಕಾದಂಬರಿಯುದ್ದಕ್ಕೂ ದುಡಿಯುತ್ತಾರೆ. ಯಾರ ಆಸ್ತಿಗಾಗಿ ದುಡಿಯುತ್ತಾರೋ ಅದು ಅವರದಲ್ಲ. ವಿಧವೆಯಾದ ಸರಸೋತಿ ಅಣ್ಣನ ಮನೆಯಲ್ಲಿ ಇರುವುದು ಅಣ್ಣನ ಮನೆಯೆಂಬ ಋಣದಲ್ಲಿ. ಅರ್ಧ ಮೈಲಿ ದೂರದ ಬಂಟರ ಅಥವಾ ಮೊಗವೀರರ ಮನೆಯಲ್ಲಿ ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಮಕ್ಕಳ ಕೈ ಹಿಡಿದುಕೊಂಡು ತಾನು ಹುಟ್ಟಿದ ಮನೆಗೆ ಬಂದರೆ ಅದು ಯಾರ ಉಪಕಾರವೂ ಆಗಿರಲಿಲ್ಲ. ಮನೆ ಅವಳದು, ಮಕ್ಕಳು ಆ ಮನೆಯವರೇ. ಮತ್ತೊಂದು ಮದುವೆಗೂ ಅಡ್ಡಿಯಿರಲಿಲ್ಲ.

ಆದ್ದರಿಂದ ಯಾರು ಆಳುತ್ತಿದ್ದರು ಎಂಬ ಪ್ರಶ್ನೆಗಿಂತ ಹೊರಟುಬಂದ ಹೆಣ್ಣು ಎಲ್ಲಿಗೆ ಹೋಗುತ್ತಾಳೆ ಎಂಬ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆಂದು ನನಗನಿಸಿದೆ. ಈ ಉಪನ್ಯಾಸವನ್ನು ಅದೊಂದರ ಮೇಲೆ ನಿಲ್ಲಿಸುತ್ತೇನೆ.

ಈ ಪದ್ಧತಿಯನ್ನು ನೋಡಿ ಬರೆದವರ ಪಟ್ಟಿ ಉದ್ದವಿದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಂಪೆನಿ ಸರಕಾರದ ಪರವಾಗಿ ಕಾರ್ಕಳ, ಹಿರಿಯಡ್ಕ, ಉಡುಪಿ ದಾರಿಯಾಗಿ ಹೋದ. ಶತಮಾನದ ಕೊನೆಗೆ ಸ್ಟರಕ್ ಜಿಲ್ಲೆಯ ಕೈಪಿಡಿ ಬರೆದ. 1909ರಲ್ಲಿ ಥರ್ಸ್ಟನ್ ಮತ್ತು ರಂಗಾಚಾರಿ ಜಾತಿ-ಬುಡಕಟ್ಟುಗಳ ಏಳು ಸಂಪುಟ ತಂದರು.  ಇವರೆಲ್ಲ ಕೇಳಿಸಿಕೊಂಡ ಒಂದು ಕಥೆ ಬಾರ್ಕೂರಿನದು. ಅರಸ ದೇವಪಾಂಡ್ಯನ ಹಡಗು ಹೊರಡಬೇಕಾದರೆ ಕುಂಡೋದರನೆಂಬ ಭೂತ ಬಲಿ ಕೇಳುತ್ತದೆ. ಹೆಂಡತಿ ತನ್ನ ಮಕ್ಕಳನ್ನು ಕೊಡುವುದಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕೊಡುತ್ತಾಳೆ. ಭೂತ ಮೆಚ್ಚಿ ಹುಡುಗನನ್ನು ಉಳಿಸುತ್ತದೆ, ರಾಜ್ಯ ಅವನಿಗೆ ಸಿಗುತ್ತದೆ, ಅವನೇ ಭೂತಾಳಪಾಂಡ್ಯ. ಅಂದಿನಿಂದ ಆಸ್ತಿ ತಂಗಿಯ ಮಕ್ಕಳಿಗೆ.

ಕಥೆಯನ್ನು ಹೆಣ್ಣಿನ ಕಡೆಯಿಂದ ಕೇಳಿ ನೋಡಿ. ಹಡಗು ಅರಸನದು, ಹರಕೆ ಅರಸನದು. ಕೆಟ್ಟ ಹೆಸರು ಮಾತ್ರ ಮಕ್ಕಳನ್ನು ಬಲಿಕೊಡಲು ಒಪ್ಪದ ತಾಯಿಗೆ. ತಂಗಿಗೆ ಹಕ್ಕು ಬಂದದ್ದು ಅವಳು ಆ ಮನೆಯವಳೆಂದಲ್ಲ, ಮಗನನ್ನೇ ಕೊಡಲು ಸಿದ್ಧಳಾದಳೆಂದು ಅರಸ ಕೊಟ್ಟ ಇನಾಮಾಗಿ. ಭೂತಾಳಪಾಂಡ್ಯನ ಹೆಸರಿನಲ್ಲಿ ಒಂದು ಕಟ್ಟುಕಟ್ಟಲೆಯ ಗ್ರಂಥವೂ ಇತ್ತು. ಬ್ರಿಟಿಷ್ ಕೋರ್ಟುಗಳು ಅದನ್ನು ಪ್ರಮಾಣವೆಂದು ಕೈಗೆತ್ತಿಕೊಂಡವು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಸಂಸ್ಕೃತ ವಿದ್ವಾಂಸ ಎ.ಸಿ. ಬರ್ನೆಲ್ ಅದು ಈಚಿನ ಕೂಟಸೃಷ್ಟಿ ಎಂದ. ಅಷ್ಟರಲ್ಲಿ ತೀರ್ಪುಗಳು ತೀರ್ಪುಗಳನ್ನು ಹೆತ್ತಾಗಿತ್ತು. ಮನೆಯಿಂದ ಮನೆಗೆ, ಜಾತಿಯಿಂದ ಜಾತಿಗೆ ಬೇರೆಯಾಗಿದ್ದ ನಡಾವಳಿ ಒಂದು ಅಚ್ಚಿಗೆ ಬಂತು. 1860ರ ದಶಕದಲ್ಲಿ ಮದ್ರಾಸ್ ಹೈಕೋರ್ಟು ಕುಟುಂಬದ ಆಸ್ತಿಯನ್ನು ಒಬ್ಬರ ಒತ್ತಾಯಕ್ಕೆ ಪಾಲು ಮಾಡುವಂತಿಲ್ಲ ಎಂದಿತು. ಅದೇ ಶತಮಾನದಲ್ಲಿ ಇನ್ನೊಂದು ತೀರ್ಪು ಅಳಿಯಸಂತಾನದ ಮದುವೆ ದಂಡಸಂಹಿತೆಯ ಅರ್ಥದಲ್ಲಿ ಮದುವೆಯೇ ಅಲ್ಲ ಎಂದಿತು. ಧಾರೆ ಎರೆದು, ಊರಿಗೆ ಊಟ ಹಾಕಿ ನಡೆದ ಮದುವೆ! ಬಿಡಲು ಸಾಧ್ಯವಿರುವ ಮದುವೆಯನ್ನು ಮದುವೆ ಎನ್ನಲು ಆ ಕಾಲದ ಇಂಗ್ಲಿಷ್ ಮನಸ್ಸಿಗೆ ಕಷ್ಟವಾಯಿತು.

ಮಾನವಶಾಸ್ತ್ರ ದೂರ ನಿಂತು ನೋಡುವ ಕನ್ನಡಿಯಲ್ಲ ಎಂದು ಹೇಳಲು ಇಷ್ಟು ಹೇಳಿದೆ. ಬರೆದುಕೊಂಡವನ ಟಿಪ್ಪಣಿ ಕಚೇರಿಗೆ ಹೋಗುತ್ತದೆ, ಕಚೇರಿಯಿಂದ ಕೋರ್ಟಿಗೆ, ಕೋರ್ಟಿನಿಂದ ಮನೆಯೊಳಕ್ಕೆ.

ಕೊನೆಗೆ 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂತು, ಪಾಲಿಗೆ ದಾರಿಯಾಯಿತು. ವಿದ್ಯಾರ್ಥಿಗಳು ಆ ಕಾಯಿದೆಯನ್ನೊಮ್ಮೆ ಓದಬೇಕು; ನನ್ನ ಮಟ್ಟಿಗೆ ಅದು ನಮ್ಮ ಜಿಲ್ಲೆಯ ಮೇಲೆ ಬರೆದ ಅತ್ಯಂತ ವಿಚಿತ್ರ ಮಾನವಶಾಸ್ತ್ರೀಯ ಗ್ರಂಥ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಕಡೆಯಿಂದ ಬಂದ ಸಂತತಿ – ಇದು ಒಂದು ಕವರು. ಗಂಡಸಿಗೆ ತನ್ನದೇ ಕವರಿಲ್ಲ, ಅವನು ತಾಯಿಯ ಕವರಿನವನು. ಇಲ್ಲಿಯವರೆಗೆ ಊರಿನ ಲೆಕ್ಕ. ಮುಂದೆ ಕಾಯಿದೆಯ ಲೆಕ್ಕ: ಕವರಿನಲ್ಲಿ ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಸಿಗುವ ಪಾಲು ಜೀವಿತಕಾಲಕ್ಕೆ ಮಾತ್ರ. ಹೆಣ್ಣಿನ ಮೂಲಕ ಹರಿಯುವ ಆಸ್ತಿಯನ್ನು ಕಾಗದದ ಮೇಲೆ ಹಿಡಿಯಹೊರಟಾಗ ಕಾನೂನು ಕೊನೆಗೆ ಮುಟ್ಟಿದ್ದು ಹೆಣ್ಣಿನ ಬಸಿರಿನ ವಯಸ್ಸನ್ನು. ಐವತ್ತು ದಾಟಿದ ಮಕ್ಕಳಿಲ್ಲದ ಹೆಂಗಸು, ಎಷ್ಟೇ ದೊಡ್ಡ ಗುತ್ತಿನವಳಾಗಿರಲಿ, ಪಾಲುಪಟ್ಟಿಯ ಮಟ್ಟಿಗೆ ಮುಗಿದ ಬಳ್ಳಿ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇದರ ಮೇಲೆ ಬಂತು. ಕುಟುಂಬದ ಗಂಡಸು ಸತ್ತರೆ ಅವನ ಹಕ್ಕು ಈಗ ಹೆಂಡತಿ-ಮಕ್ಕಳಿಗೆ, ತಂಗಿಯ ಮಕ್ಕಳಿಗಲ್ಲ. ಇದರಿಂದ ಹೆಣ್ಣಿಗೆ ನಷ್ಟವಾಯಿತೇ ಲಾಭವಾಯಿತೇ ಎಂದು ಕೇಳಿದರೆ ನೇರ ಉತ್ತರವಿಲ್ಲ. ಹೆಂಡತಿಯಾಗಿ ಪಡೆದಳು, ತಂಗಿಯಾಗಿ ಕಳಕೊಂಡಳು. ಇಬ್ಬರೂ ಒಬ್ಬಳೇ ಆದ್ದರಿಂದ ಲೆಕ್ಕ ಸರಿಹೋಯಿತೆಂದು ವಕೀಲರು ಹೇಳಬಹುದು. ಹೊರಟುಬಂದವಳ ಪ್ರಶ್ನೆ ಕೇಳಿದರೆ ಸರಿಹೋಗುವುದಿಲ್ಲ: ಹೆಂಡತಿಯ ಹಕ್ಕು ಗಂಡನ ಮನೆಯಲ್ಲಿ ಉಳಿದವಳಿಗೆ, ತಂಗಿಯ ಹಕ್ಕು ಬಿಟ್ಟುಬಂದವಳಿಗೆ. ಆಮೇಲೆ 1974ರ ಭೂಸುಧಾರಣೆ. ಗೇಣಿ ಒಕ್ಕಲುಗಳಿಗೆ ಭೂಮಿ ಬಂದದ್ದು ಈ ಜಿಲ್ಲೆಯಲ್ಲಿ ನಡೆದ ದೊಡ್ಡ ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಡಿಕ್ಲರೇಷನ್ ಹೋದದ್ದು ಮನೆಯ ಗಂಡಸಿನ ಹೆಸರಲ್ಲಿ. ನೇಜಿ ನೆಟ್ಟವಳ ಹೆಸರು ಆ ಅರ್ಜಿಯಲ್ಲಿರಲಿಲ್ಲ.

ಇನ್ನು ಸಿರಿ, ತುಳುವಿನ ಒಂದು ಪಾಡ್ದನದ (ಕಥನಗೀತೆಯ) ನಾಯಕಿ. ಹೊರಟುಬಂದವಳು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಯಾವ ವಿಶ್ವವಿದ್ಯಾನಿಲಯಕ್ಕೂ ಮೊದಲೇ ಕೇಳಿದವಳು ಅವಳು.

ಕಥೆ ತಿಳಿದವರು ಮನ್ನಿಸಬೇಕು, ಮಣಿಪಾಲದಿಂದ ಬಂದ ಹೊರ ರಾಜ್ಯದ ವಿದ್ಯಾರ್ಥಿಗಳೂ ಇಲ್ಲಿದ್ದಾರೆ. ಸತ್ಯನಾಪುರದ ಬೆರ್ಮಾಳ್ವರಿಗೆ ಸಂತಾನವಿಲ್ಲ. ಬೆರ್ಮೆರೆಂಬ ದೈವದ ಗುಂಡ (ಗುಡಿ) ಜೀರ್ಣೋದ್ಧಾರ ಮಾಡಿದ ಫಲವಾಗಿ ಪ್ರಸಾದದ ಹಿಂಗಾರದಿಂದ ಸಿರಿ ಹುಟ್ಟುತ್ತಾಳೆ. ಬಸರೂರಿನ ಕಾಂತು ಪೂಂಜನಿಗೆ ಕೊಟ್ಟು ಮದುವೆಯಾಗುತ್ತದೆ. ಬಸುರಿಗೆ ಬಯಕೆಯ ಸೀರೆ ತರಹೋದ ಗಂಡ ದಾರಿಯಲ್ಲಿ ಸೂಳೆ ಸಿದ್ದುವಿನ ಮನೆಗೆ ಹೋಗುತ್ತಾನೆ. ಆ ಸೀರೆಯನ್ನು ಸಿರಿ ಉಡುವುದಿಲ್ಲ. ಅವಳು ಅಜ್ಜನೆಂದು ಕರೆಯುವ ಬೆರ್ಮಾಳ್ವರು ಸತ್ತ ಮೇಲೆ ಸತ್ಯನಾಪುರ ಯಾರದೆಂಬ ವ್ಯಾಜ್ಯ ಊರಿನ ಕೂಟಕ್ಕೆ ಹೋಗುತ್ತದೆ, ಕೂಟದವರು ಲಂಚ ತಿಂದು ಅವಳಿಗೆ ವಿರುದ್ಧವಾಗಿ ಹೇಳುತ್ತಾರೆ. ಸಿರಿ ಅರಮನೆಗೆ ಶಾಪ ಕೊಟ್ಟು, ಗಂಡನನ್ನು ಬಿಟ್ಟು, ಮಗು ಕುಮಾರನನ್ನೂ ಕೆಲಸದಾಕೆ ದಾರುವನ್ನೂ ಕರೆದುಕೊಂಡು ಹೊರಡುತ್ತಾಳೆ. ಹೊರಟವಳಿಗೆ ಮನೆಯಿಲ್ಲ. ಗಮನಿಸಿ, ಹೆಣ್ಣಿನ ಮನೆ ಹೆಣ್ಣಿನದೇ ಎನ್ನುವ ನಾಡಿನ ಅತಿದೊಡ್ಡ ಪಾಡ್ದನ ಮನೆ ಕಳಕೊಂಡ ಹೆಣ್ಣಿನದು. ಮುಂದೆ ಅವಳು ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ, ಅವನ ಮೊದಲ ಹೆಂಡತಿ ಸಾಮುವಿನೊಡನೆ ಜಗಳದಿಂದ ತೊಡಗಿ ಅಕ್ಕತಂಗಿಯರಂತಾಗುತ್ತಾಳೆ, ಸೊನ್ನೆಯನ್ನು ಹೆತ್ತು ಮಾಯವಾಗುತ್ತಾಳೆ. ಸೊನ್ನೆಗೆ ಅವಳಿ ಹೆಣ್ಣುಮಕ್ಕಳು, ಅಬ್ಬಗ ಮತ್ತು ದಾರಗ. ಹೆತ್ತವರು ಬೆರ್ಮೆರಿಗೆ ಹೇಳಿದ ಹರಕೆ ಮರೆತಿದ್ದಾರೆ. ಹಿರಿಯರಿಲ್ಲದ ಹೊತ್ತು ಹುಡುಗಿಯರು ಚೆನ್ನೆಮಣೆ ತೆಗೆದು ಆಡಲು ಕೂರುತ್ತಾರೆ, ಆಟದಲ್ಲಿ ಜಗಳ ಬರುತ್ತದೆ, ಅಬ್ಬಗ ಮಣೆಯಿಂದಲೇ ದಾರಗಳನ್ನು ಹೊಡೆಯುತ್ತಾಳೆ, ತಂಗಿ ಸತ್ತದ್ದು ಕಂಡು ತಾನೂ ಬಾವಿಗೆ ಹಾರುತ್ತಾಳೆ.

1990ರ ಡಿಸೆಂಬರಿನಲ್ಲಿ ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ಇದನ್ನು ಪಾಡ್ದನ ಗಾಯಕ ಗೋಪಾಲ ನಾಯ್ಕರ ಬಾಯಿಂದ ಪೂರ್ತಿ ದಾಖಲಿಸಿಕೊಂಡಿತು. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅನ್ನೇಲಿ ಹೊಂಕೊ ಆ ತಂಡದಲ್ಲಿದ್ದರು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಪಠ್ಯದಲ್ಲಿ 15,683 ಸಾಲುಗಳಿವೆ. ಹೊರದೇಶದ ವಿದ್ವಾಂಸರೊಡನೆ ಅಂಥ ಸಂಬಂಧಗಳಿಗೆ ನೆಲ ಹದಮಾಡಿದವರು ಇದೇ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಕು.ಶಿ. ಹರಿದಾಸ ಭಟ್ಟರು, ಅವರ ಜಾನಪದ ರಂಗಕಲೆಗಳ ಕೇಂದ್ರಕ್ಕೆ ಬಾರದ ವಿದೇಶಿ ಸಂಶೋಧಕರು ಆ ಕಾಲದಲ್ಲಿ ಕಡಿಮೆ. ಅದಕ್ಕೂ ಹಿಂದೆ, 1975ರಲ್ಲಿ, ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಸಿರಿ ಪುರಾಣ ಮತ್ತು ಆಚರಣೆಯ ಮೇಲೆ ಲೇಖನ ಬರೆದಿದ್ದರು. ಅವರು ಇಲ್ಲಿಗೆ ಬಂದದ್ದು ಬಂಟರ ಬಂಧುತ್ವ ವ್ಯವಸ್ಥೆ ಓದಲು. ಬಂಧುತ್ವದ ನಕ್ಷೆ ಬರೆಯಹೊರಟವರು ಸಿರಿ ಜಾತ್ರೆಗೆ ಬಂದು ಮುಟ್ಟಿದ್ದು ಆಕಸ್ಮಿಕವಲ್ಲ.

ಜಾತ್ರೆಯನ್ನು ಹತ್ತಿರದಿಂದ ನೋಡೋಣ. ಕಾರ್ಕಳ ತಾಲೂಕಿನ ನಂದಳಿಕೆ, ಕಾಪು ತಾಲೂಕಿನ ಪಾಂಗಾಳ, ಉಡುಪಿಯ ಹಿರಿಯಡ್ಕ, ಮುಲ್ಕಿ ಕಡೆಯ ಕವತ್ತಾರು, ಹೀಗೆ ಆಲಡೆಗಳೆಂಬ ದೈವಸ್ಥಾನಗಳಿರುವ ಕಡೆಯೆಲ್ಲ ಬೇಸಗೆಯ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುತ್ತದೆ. ರಾತ್ರಿ. ಬಿಳಿ ಸೀರೆ ಉಟ್ಟ ಹೆಂಗಸರು ಸಾಲಾಗಿ ಕೂತಿರುತ್ತಾರೆ, ಕೈಯಲ್ಲಿ ಹಿಂಗಾರ. ಎದುರು ಸಿರಿಯ ಮಗ ಕುಮಾರನಾಗಿ ನಿಂತವನು, ಅವನು ಗಂಡಸು. ಪಾಡ್ದನದ ಧಾಟಿ ಏರುತ್ತಿದ್ದಂತೆ ಹಿಂಗಾರದ ಎಸಳು ನಡುಗತೊಡಗುತ್ತದೆ, ಮೈ ತೂಗುತ್ತದೆ, ಮುಡಿ ಬಿಚ್ಚುತ್ತದೆ. ಒಬ್ಬಳು ಸಿರಿ, ಒಬ್ಬಳು ಸೊನ್ನೆ, ಇಬ್ಬರು ಅಬ್ಬಗ-ದಾರಗ. ಅದೇ ವರ್ಷ ಹೊಸದಾಗಿ ಬಂದವಳನ್ನು ನೋಡಬೇಕು. ಮನೆಯವರು ಕರೆದುಕೊಂಡು ಬಂದಿದ್ದಾರೆ: ಊಟ ಸೇರುವುದಿಲ್ಲ, ಗಂಡನ ಮನೆಯಲ್ಲಿ ಮಾತಿಲ್ಲ, ರಾತ್ರಿ ಎದ್ದು ಹೊರಗೆ ಹೋಗುತ್ತಾಳೆ. ಕುಮಾರ ಕೇಳುತ್ತಾನೆ, ನೀನು ಯಾರು, ಹೆಸರು ಹೇಳು. ಅವಳಿಗೆ ಬಾಯಿ ಬರುವುದಿಲ್ಲ. ಗದರಿಸುತ್ತಾನೆ, ಒಲಿಸುತ್ತಾನೆ, ಅನುಭವದ ಸಿರಿಗಳು ಪಕ್ಕದಿಂದ ಸಮಾಧಾನ ಹೇಳುತ್ತಾರೆ. ಕೊನೆಗೆ ಒಂದು ಹೆಸರು ಬರುತ್ತದೆ. ಹೆಸರಿನ ಹಿಂದೆಯೇ ದೂರು ಬರುತ್ತದೆ, ಸಿರಿಯ ದೂರೋ ಅವಳದೋ ಬೇರೆಮಾಡಲು ಆಗದ ಹಾಗೆ. ಅತ್ತೆ ಅಲ್ಲೇ ನಿಂತಿರುತ್ತಾಳೆ, ಗಂಡ ನಿಂತಿರುತ್ತಾನೆ. ಮನೆಯಲ್ಲಿ ಅವಳು ಆಡಿದ್ದರೆ ಕೆನ್ನೆಗೆ ಬೀಳುತ್ತಿದ್ದ ಮಾತಿಗೆ ಇಲ್ಲಿ ಕೈಮುಗಿದು ಉತ್ತರ ಕೊಡಬೇಕು.

ಇದನ್ನು ಹಿಸ್ಟೀರಿಯಾ ಎಂದು ಕರೆದು ಮುಗಿಸುವವರಿದ್ದಾರೆ. ಮಣಿಪಾಲದ ವೈದ್ಯರು ಹಾಗೆ ಮುಗಿಸಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1970ರ ದಶಕದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮನೋವೈದ್ಯ ಆರ್.ಎಲ್. ಕಪೂರ್, ಬ್ರಿಟನ್ನಿನ ಮೋರಿಸ್ ಕಾರ್‌ಸ್ಟೇರ್ಸ್ ಜೊತೆಗೂಡಿ ಕೋಟದಲ್ಲಿ ಮನೆಮನೆಗೆ ಹೋಗಿ ಅಧ್ಯಯನ ನಡೆಸಿದರು. 1976ರಲ್ಲಿ ಅದು ಪುಸ್ತಕವಾಯಿತು. ಅವರು ಆರಿಸಿಕೊಂಡದ್ದು ಮೂರು ಸಮುದಾಯ: ತಂದೆಯಿಂದ ಕುಲ ಎಣಿಸುವ ಬ್ರಾಹ್ಮಣರು, ತಾಯಿಯಿಂದ ಎಣಿಸುವ ಬಂಟರು ಮತ್ತು ಮೊಗವೀರರು. ಮನಸ್ಸಿನ ಕಾಯಿಲೆಯನ್ನು ಓದುವಾಗ ಆಸ್ತಿ ಯಾರ ಕಡೆಯಿಂದ ಬರುತ್ತದೆ ಎಂದು ಕೇಳಬೇಕೆಂದು ವೈದ್ಯರಿಗೆ ಹೊಳೆದದ್ದೇ ದೊಡ್ಡದು. ಜನ ವೈದ್ಯರಲ್ಲಿಗೂ ಹೋಗುತ್ತಾರೆ, ಮಂತ್ರವಾದಿಯಲ್ಲಿಗೂ ದೈವದ ಪಾತ್ರಿಯಲ್ಲಿಗೂ ಹೋಗುತ್ತಾರೆ, ಅದರಲ್ಲಿ ಅವರಿಗೆ ವಿರೋಧ ಕಾಣುವುದಿಲ್ಲ ಎಂಬುದನ್ನೂ ಅವರು ತಿರಸ್ಕಾರವಿಲ್ಲದೆ ಬರೆದರು.

ಮತ್ತೆ ಅಬ್ಬಗ-ದಾರಗರಿಗೆ ಬರುತ್ತೇನೆ. ಅಕ್ಕತಂಗಿಯರು ಚೆನ್ನೆ ಆಡಬಾರದೆಂದು ನಮ್ಮ ಹಳೆಯ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಚೆನ್ನೆಮಣೆಯ ಮೇಲೆ ಕ್ಲಾಸ್ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕು ಮಂಜುಟ್ಟಿ ಕಾಯಿ. ಒಬ್ಬಳ ಕಡೆ ತುಂಬಿದರೆ ಇನ್ನೊಬ್ಬಳ ಕಡೆ ಬರಿದು. ನಾನು ಇದನ್ನು ಕವರಿನ ಪಕ್ಕ ಇಟ್ಟು ಓದುತ್ತೇನೆ. ಅಳಿಯಸಂತಾನದ ಮನೆಯಲ್ಲಿ ಅಣ್ಣ-ತಂಗಿಯ ಪ್ರೀತಿಯನ್ನು ಎಲ್ಲರೂ ಹಾಡಿ ಹೊಗಳುತ್ತಾರೆ, ಯಾಕೆಂದರೆ ಮನೆ ನಿಂತಿರುವುದು ಅದರ ಮೇಲೆ. ಮನೆ ಒಡೆಯುವುದು ಮಾತ್ರ ಅಕ್ಕತಂಗಿಯರ ನಡುವೆ. ಒಬ್ಬೊಬ್ಬ ತಂಗಿಯಿಂದಲೂ ಒಂದೊಂದು ಕವರು. ಅಕ್ಕನ ಮಕ್ಕಳು ಹೆಚ್ಚಾದರೆ ತಂಗಿಯ ಮಕ್ಕಳಿಗೆ ಕಡಿಮೆ. ಈ ಬಿರುಕನ್ನು ಯಾವ ಮಾವನೂ ಬಾಯಿಬಿಟ್ಟು ಹೇಳಲಿಲ್ಲ. ಬುಕಾನನ್ ಬರೆಯಲಿಲ್ಲ, ಸ್ಟರಕ್ ಬರೆಯಲಿಲ್ಲ. ಭೂತಾಳಪಾಂಡ್ಯನ ಕಥೆಯಲ್ಲಿ ತಂಗಿ ಒಬ್ಬಳೇ, ಆದ್ದರಿಂದ ಅಲ್ಲಿ ತೊಡಕೇ ಇಲ್ಲ. ಹೇಳಿದ್ದು ಸಿರಿ ಪಾಡ್ದನ, ಅದೂ ಒಂದು ಆಟದ ಮಣೆಯ ಎರಡು ಬದಿಯಲ್ಲಿ ಅವಳಿ ಹುಡುಗಿಯರನ್ನು ಕೂರಿಸಿ. ಅಳಿಯಸಂತಾನದ ಬಗ್ಗೆ ನಾನು ಓದಿದ ಬರಹಗಳಲ್ಲಿ ಇಷ್ಟು ನೇರವಾದ ವಿಶ್ಲೇಷಣೆ ಇನ್ನೊಂದಿಲ್ಲ.

ಇದಕ್ಕೆ ಹೊರಗಿನ ಒಂದು ಹೋಲಿಕೆ ಕೊಟ್ಟು ಬೇಗ ಹಿಂದಿರುಗುತ್ತೇನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕೂತು ಬರೆದದ್ದೇ ಆಧುನಿಕ ಕ್ಷೇತ್ರಕಾರ್ಯಕ್ಕೆ ಮಾದರಿ ಎನ್ನುತ್ತೇವೆ. ಅಲ್ಲೂ ಕುಲ ತಾಯಿಯದು. ಅರ್ಧ ಶತಮಾನ ಕಳೆದು ಆನೆಟ್ ವೈನರ್ ಅಲ್ಲಿಗೆ ಹೋದಾಗ ಸಾವಿನ ವಿಧಿಯಲ್ಲಿ ಹೆಂಗಸರು ಬಾಳೆಯೆಲೆಯ ಕಟ್ಟುಗಳನ್ನೂ ಲಂಗಗಳನ್ನೂ ಹಂಚುತ್ತ ಕುಲದ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಮಲಿನೋವ್‌ಸ್ಕಿ ಕಾಲದಲ್ಲೂ ಹಂಚುತ್ತಿದ್ದವರೇ. ಅವನಿಗೆ ಅದು ಸಂಪತ್ತಾಗಿ ಕಾಣಲಿಲ್ಲ. 1976ರ ಆಕೆಯ ಪುಸ್ತಕದ ಬಳಿಕ ಹಳೆಯ ಚಿತ್ರವನ್ನು ತಿದ್ದಿ ಬರೆಯಬೇಕಾಯಿತು. ಲಿಂಗಭೇದದ ಅಧ್ಯಯನ ಮಾನವಶಾಸ್ತ್ರಕ್ಕೆ ಕೊಟ್ಟ ಪಾಠ ಇದು: ನೋಡುವವನು ಯಾರ ಪಕ್ಕದಲ್ಲಿ ಕೂತಿದ್ದಾನೆ ಎಂದು ಮೊದಲು ನೋಡು.

ಪಕ್ಕದಲ್ಲಿ ಕೂರುವುದೆಂದರೆ ನಮ್ಮಲ್ಲಿ ಜಾತಿಯ ಪ್ರಶ್ನೆಯೂ ಹೌದು. ಗುತ್ತಿನ ಕಥೆಯನ್ನು ಬಾಯಲ್ಲಿಟ್ಟು ಕಾಪಾಡಿದವರು ಗುತ್ತಿನವರಲ್ಲ. ಭೂತಕೋಲದಲ್ಲಿ ತೆಂಬರೆ ವಾದ್ಯ ಬಡಿಯುತ್ತ ಪಾಡ್ದನ ಹೇಳುವವರು ನಲಿಕೆ, ಪರವ, ಪಂಬದ ಸಮುದಾಯದ ಹೆಂಗಸರು. ನೇಜಿ ನೆಡುವಾಗ ಹಾಡಿದವರು ಕೂಲಿಯ ಹೆಂಗಸರು. ಇವರಿಗೆ ಆಸ್ತಿಯುಳ್ಳ ಯಾವ ತರವಾಡು ಮನೆಯೂ ಇರಲಿಲ್ಲ, ಪಾಲುಪಟ್ಟಿಯಲ್ಲಿ ಇವರಿಲ್ಲ. ತುಳುನಾಡಿನ ಹೆಣ್ಣು ಸ್ವತಂತ್ರಳಾಗಿದ್ದಳು ಎಂಬ ಭಾಷಣ ಯಾವ ಹೆಣ್ಣನ್ನು ಕುರಿತದ್ದೆಂದು ಕೇಳಬೇಕಾದದ್ದು ಇಲ್ಲಿ.

ಜುಮಾದಿಯ ಬಗ್ಗೆ ವಿದ್ಯಾರ್ಥಿಗಳು ಕೇಳುವುದುಂಟು, ಅದಕ್ಕಾಗಿ ಒಂದು ಮಾತು. ಮೀಸೆಯೂ ಇರುವ, ಎದೆಗೆ ಮೊಲೆಗಟ್ಟೂ ಇರುವ ದೈವ. ಕಂಚಿನ ಬಿಂಬದಲ್ಲೂ ಹಾಗೆಯೇ. ಇದನ್ನು ತೋರಿಸಿ, ನಮ್ಮ ಹಿರಿಯರು ಗಂಡು-ಹೆಣ್ಣಿನ ಗೆರೆಯನ್ನೇ ಅಳಿಸಿದ್ದರು ಎಂದು ಬರೆಯುವ ಆಸೆ ಯಾರಿಗೂ ಆಗುತ್ತದೆ. ಆ ಮೊಲೆಗಟ್ಟನ್ನು ಕಟ್ಟುವವರು ಗಂಡಸರು. ಹೆಂಗಸು ಪಕ್ಕದಲ್ಲಿ ನಿಂತು ಹಾಡುತ್ತಾಳೆ. ಆಚರಣೆಯಲ್ಲಿ ಅಳಿದ ಗೆರೆ ಮರುದಿನ ಅಂಗಳದಲ್ಲಿ ಹಾಗೇ ಇರುತ್ತದೆ; ಅಳಿಸಿದ ಆ ಹೊತ್ತಿಗೂ ಬೆಲೆಯಿದೆ, ಆದರೆ ಅಷ್ಟಕ್ಕೇ ಬೆಲೆ.

ಕಾಪುವಿನ ಕಡಲ ಬದಿಗೆ ಹೋದರೆ ಇದೇ ಪ್ರಶ್ನೆ ಮೀನಿನ ಬುಟ್ಟಿಯಲ್ಲಿ ಸಿಗುತ್ತದೆ. ಗಂಡಸರು ಕಡಲಿಗೆ, ಹೆಂಗಸರು ಮಾರಾಟಕ್ಕೆ. ಕೈಯಲ್ಲಿ ಕಾಸು ಓಡುವುದು ಹೆಂಗಸಿನ ಮೂಲಕ. ರಂಪಣಿ ಬಲೆಯ ಕಾಲದಲ್ಲಿ ಮೀನು ಊರಿನ ಕಡಲತಡಿಗೇ ಬರುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂದಮೇಲೆ ಮೀನು ಮಲ್ಪೆ ಬಂದರಿಗೆ ಹೋಯಿತು, ಹೆಂಗಸು ಏಲಂ ಕೂಗುವವರ ನಡುವೆ ನಿಲ್ಲಬೇಕಾಯಿತು. ಕುಲ ತಾಯಿಯದೇ ಉಳಿದಿದ್ದರೂ ಅಲ್ಲಿ ಬೆಲೆ ನಿಗದಿಯಾಗುವುದು ಬಂಡವಾಳ ಹಾಕಿದವನ ಕೈಯಲ್ಲಿ.

ಈಗಿನ ಸ್ಥಿತಿ ಹೇಗಿದೆ? ಮದುವೆ ಮಾತುಕತೆಯಲ್ಲಿ ಬಳಿ (ಕುಲದ ಹೆಸರು) ಕೇಳುತ್ತಾರೆ, ಒಂದೇ ಬಳಿಯಾದರೆ ಸಂಬಂಧ ಮುರಿಯುತ್ತದೆ. ಬಳಿ ಬರುವುದು ತಾಯಿಯಿಂದ. ಫ್ಲ್ಯಾಟು, ತೋಟ ಬರುವುದು ತಂದೆಯಿಂದ. ಆಧಾರ್ ಕಾರ್ಡಿನ ಹೆಸರು ಗಂಡನದು. ಒಬ್ಬಳೇ ಹುಡುಗಿಯ ಮೇಲೆ ಮೂರು ಮನೆಯ ಗುರುತು, ಮೂರರಲ್ಲೂ ಅವಳು ಅರ್ಧ ಅತಿಥಿ. ಅದೇ ಹೊತ್ತಿಗೆ ಪಾಲಾಗಿ ಪಾಳುಬಿದ್ದ ತರವಾಡು ಮನೆಗಳು ಮುಂಬಯಿಯ ದುಡ್ಡಿನಿಂದ ಎದ್ದು ನಿಲ್ಲುತ್ತಿವೆ. ಧರ್ಮದೈವಕ್ಕೆ ಹೊಸ ಗುಡಿ, ಕುಟುಂಬದ ಟ್ರಸ್ಟು, ವರ್ಷಕ್ಕೊಮ್ಮೆ ಕೋಲ. ವಂತಿಗೆ ವಸೂಲಿಗೆ ಸದಸ್ಯರ ಪಟ್ಟಿ ಮಾಡುವಾಗ ಎಣಿಸುವುದು ಮಾತ್ರ ಹಳೆಯ ಹಾಗೆಯೇ, ತಾಯಿಯ ಕಡೆಯಿಂದ. ಆಸ್ತಿಯಿಲ್ಲದೆಯೂ ಕುಟುಂಬ ನಿಂತಿದೆ! ಅದರ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳ ಫೋಟೋ ಆಮಂತ್ರಣಪತ್ರಿಕೆಯಲ್ಲಿರುತ್ತದೆ. ಮಹಿಳಾ ಸಮಿತಿಗೆ ಅಡುಗೆ, ರಂಗೋಲಿ, ಪೂರ್ಣಕುಂಭ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ತಂದು ಮರುಜೋಡಿಸಿದರು. ಆ ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಬಾಗಿಲಿನಿಂದ ಯಾರು ಹೊರಟುಹೋದರು, ಯಾರು ತಿರುಗಿ ಬಂದರು ಎಂಬುದು ಮರದಲ್ಲಿ ಉಳಿಯುವುದಿಲ್ಲ.

ಅದು ಉಳಿದಿರುವುದು ಬೇರೆ ಕಡೆ. ಸಂಶೋಧನ ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಸಿರಿಯ ಮೇಲೆ ಬರಹ ಬಂದಿದೆ, ಇನ್ನೂ ಬರಲಿ. ಆದರೆ 1949ರ ಕಾಯಿದೆಯ ಬಳಿಕ ನೋಂದಣಿಯಾದ ಪಾಲುಪಟ್ಟಿಗಳನ್ನು ಹೆಣ್ಣಿನ ಕಡೆಯಿಂದ ಓದಿದ್ದನ್ನು ನಾನು ಕಂಡಿಲ್ಲ. ಕಾರ್ಕಳ, ಉಡುಪಿಯ ಸಬ್‌ರಿಜಿಸ್ಟ್ರಾರ್ ಕಚೇರಿಗಳಿಗೆ ಹೋಗಿ. ಒಂದೊಂದು ಪಾಲುಪಟ್ಟಿಯಲ್ಲೂ ಕವರುಗಳ ಯಾದಿ ಇರುತ್ತದೆ, ಹೆಂಗಸರ ವಯಸ್ಸು ಇರುತ್ತದೆ. ಯಾರು ಸಹಿ ಹಾಕಿದ್ದಾರೆ, ಯಾರು ಹೆಬ್ಬೆಟ್ಟು ಒತ್ತಿದ್ದಾರೆ ನೋಡಿ. ಮಜಲು ಗದ್ದೆ ಯಾರಿಗೆ, ಗುಡ್ಡೆ ಯಾರಿಗೆ, ಮನೆಯಲ್ಲಿ ವಾಸದ ಹಕ್ಕು ಯಾರಿಗೆ ಎಂದು ಬರೆದುಕೊಳ್ಳಿ. ನಿಸ್ಸಂತತಿ ಕವರಿನ ಹೆಂಗಸಿಗೆ ಜೀವಿತಕಾಲಕ್ಕೆಂದು ಬಿಟ್ಟ ಕೋಣೆ ಯಾವುದು, ಚಾವಡಿಯ ಪಕ್ಕದ್ದೋ ಕೊಟ್ಟಿಗೆಯ ಪಕ್ಕದ್ದೋ, ಅದನ್ನೂ ಬರೆದುಕೊಳ್ಳಿ. ಆಮೇಲೆ ಆ ಪಟ್ಟಿ ಹಿಡಿದುಕೊಂಡು ಅದೇ ಊರಿಗೆ ಹೋಗಿ ಉಳಿದಿರುವ ಅಜ್ಜಿಯರನ್ನು ಮಾತಾಡಿಸಿ. ಎಂಬತ್ತು ದಾಟಿದವರು ಇನ್ನೂ ಕೆಲವರಿದ್ದಾರೆ; ಈ ಕೆಲಸ ಮುಂದಿನ ಬೇಸಗೆ ರಜೆಯಲ್ಲೇ ಶುರುವಾಗಬೇಕು.